ಎಲ್ಲರ ಬಾಯಿಗೆ ಬಂದ ಮಾದಪ್ಪನ ಪದ

ಹನೂರು ತಾಲ್ಲೂಕಿನ ಬಂಡಳ್ಳಿಯ ಕಡೆ ಮಾದಪ್ಪನ ಪದ, ಎಂದರೆ ಬೆಟ್ಟದ ದೇವರು ಮಾದೇಶ್ವರನ ಹಾಡು, ಕೇಳದೆ ಬೆಳೆದ ಮಗು ಇರಲಾರದು. ಕಳೆ ಕೀಳುವಾಗ ಅಜ್ಜಿಯರು ಗುನುಗಿದ್ದು ಅದೇ. ದೀಪಾವಳಿಗೋ ಶಿವರಾತ್ರಿಗೋ ಬೆಟ್ಟಕ್ಕೆ ಪರಸೆ ಹೊರಟವರು ದಾರಿಯುದ್ದಕ್ಕೂ ಹಾಡಿದ್ದು ಅದೇ. ಹರಕೆ ಹೊತ್ತ ಮನೆಯವರು ಕಂಸಾಳೆಯವರನ್ನು ಕರೆಸಿ ಕತೆ ಮಾಡಿಸಿದ ರಾತ್ರಿ, ಅಮ್ಮನ ತೊಡೆಯ ಮೇಲೆ ಅರೆನಿದ್ದೆಯಲ್ಲಿದ್ದಾಗ ಕಿವಿಗೆ ಬಿದ್ದದ್ದೂ ಅದೇ. ಅಲ್ಲಿ ಯಾರೂ ಅದನ್ನು ಜಾನಪದ ಎಂದು ಕರೆಯುವುದಿಲ್ಲ, ಸಂಗೀತ ಎಂದೂ ಕರೆಯುವುದಿಲ್ಲ. ‘ಕತೆ ಮಾಡ್ತಾವ್ರೆ’, ‘ಪದ ಹೇಳ್ತಾವ್ರೆ’ ಎನ್ನುತ್ತಾರೆ, ಅಷ್ಟೆ. ಅದೇ ಪದವನ್ನು ಬೆಂಗಳೂರಿನ ಹುಡುಗಿಯೊಬ್ಬಳು ಗಿಟಾರಿನ ಜೊತೆ ಮೊದಲ ಸಲ ಕೇಳಿ, ಇಂಥದ್ದನ್ನು ನಾನು ಎಂದೂ ಕೇಳಿಲ್ಲ ಎಂದು ಬೆರಗಾಗುತ್ತಾಳೆ. ಒಂದು ಕಡೆ ದಿನದ ಮುದ್ದೆಯಷ್ಟು ಪರಿಚಿತವಾದ ದನಿ, ಇನ್ನೊಂದು ಕಡೆ ಅದೇ ಹೊತ್ತಿಗೆ ಎಲ್ಲಕ್ಕಿಂತ ಹೊಸತು. ಈ ಸೋಜಿಗ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಅಂಚಿನ ಸಂಗೀತ ಮುಖ್ಯವಾಹಿನಿಗೆ ಬಂದರೆ ಅದರ ಕತೆ ಏನಾಗುತ್ತದೆ ಎಂದು ಜಗತ್ತಿನಲ್ಲೆಲ್ಲ ಕೇಳುತ್ತಾರೆ. ಆ ಪ್ರಶ್ನೆಯನ್ನು ನಾನು ಇಲ್ಲಿಯೇ, ಮಾದಪ್ಪನ ಎಪ್ಪತ್ತೇಳು ಮಲೆಯ ತಪ್ಪಲಲ್ಲೇ ಕೇಳಿಕೊಳ್ಳಬೇಕು.

ಈ ಸೀಮೆ ಎಷ್ಟು ಅಂಚಿನದಾಗಿತ್ತು ಎಂಬುದನ್ನು ನಾವು ಬೇಗ ಮರೆತುಬಿಡುತ್ತೇವೆ. 1956ರ ನವೆಂಬರಿನವರೆಗೆ ಈ ಊರುಗಳನ್ನು ಒಳಗೊಂಡ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ. ಮದ್ರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಯ ಒಂದು ಮೂಲೆಯಲ್ಲಿತ್ತು. ಜನ ಆಡುವುದು ಕನ್ನಡ, ಕಚೇರಿಯ ಕಾಗದ ಬರುವುದು ಬೇರೆ ಕಡೆಯಿಂದ. ಕಾವೇರಿ ಹೊಳೆಯ ಆಚೆಗಿನ ತಿರುಮಕೂಡಲು ನರಸೀಪುರದಿಂದ ಹೊರಟ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಬಿಗಿದು ದೇಶವನ್ನೇ ಗೆದ್ದರು. ಮೈಸೂರಿನಲ್ಲಿ ವೀಣೆ ಶೇಷಣ್ಣನವರ ಪರಂಪರೆ, ವಾಸುದೇವಾಚಾರ್ಯರ ಕೃತಿಗಳು. ಸಂಗೀತವೆಂದರೆ ಅದು. ಅದು ದೊಡ್ಡ ಸಂಗೀತವೇ, ಅನುಮಾನವಿಲ್ಲ. ಆದರೆ ಅದೇ ಕಾಲದಲ್ಲಿ ಹೊಳೆಯ ಈಚೆ ಕಂಸಾಳೆ ಹಿಡಿದ ದೇವರಗುಡ್ಡರು ರಾತ್ರಿಗಟ್ಟಲೆ ಹಾಡುತ್ತಿದ್ದರು. ಅವರ ಪದಕ್ಕೆ ಸಭೆಯಿಲ್ಲ, ಬಿರುದಿಲ್ಲ, ಟಿಕೆಟ್ಟಿಲ್ಲ. ಎರಡೂ ಒಂದೇ ಕಾವೇರಿಯ ನೀರು ಕುಡಿದವು. ಒಂದರೊಡನೊಂದು ಮಾತು ಬೆಳೆಸದೆ ನೂರಾರು ವರ್ಷ ಪಕ್ಕಪಕ್ಕದಲ್ಲೇ ಬಾಳಿದವು.

ಕಂಸಾಳೆ ಹಿಡಿದವರನ್ನು ಹತ್ತಿರದಿಂದ ನೋಡದವರಿಗೆ ಒಂದು ಮಾತು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಆ ದಾರದ ತಾಳ ಮೈಸುತ್ತ ಹಾರಿ ಬಂದು ಬಟ್ಟಲಿಗೆ ತಾಗುತ್ತದೆ. ಕೂತು ಕತೆ ಹೇಳುವಾಗ ಅದೇ ತಾಳ ಮೆತ್ತಗೆ ಉಸಿರಾಡುತ್ತದೆ. ಮುಂದಾಳು ಒಂದು ಸೊಲ್ಲು ಎತ್ತಿದರೆ ಹಿಮ್ಮೇಳದವರು ಅದನ್ನು ಹಿಡಿದು ತಿರುಗಿಸಿ ಕೊಡುತ್ತಾರೆ. ಹಾಡಿನಿಂದ ಮಾತಿಗೆ, ಮಾತಿನಿಂದ ಹಾಡಿಗೆ ಹೊರಳುವ ಕ್ಷಣ ಗೊತ್ತಾಗುವುದೇ ಇಲ್ಲ. ದೇವರಗುಡ್ಡರಲ್ಲಿ ಕುರುಬರಿದ್ದಾರೆ, ಒಕ್ಕಲಿಗರಿದ್ದಾರೆ, ಬೇಡರಿದ್ದಾರೆ, ಹೊಲೆಯರಿದ್ದಾರೆ. ಮಾದಪ್ಪನ ದೀಕ್ಷೆ ಪಡೆದವರು ಹಾಡುತ್ತಾರೆ. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಹೀಗೆ ಸಾಲಿಗೆ ಸಾಲು ಸೇರಿ ಒಂದು ಮಹಾಕಾವ್ಯ. ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಆ ದಪ್ಪ ಪುಸ್ತಕವನ್ನು ಕೈಗೆತ್ತಿಕೊಂಡಾಗಲೆಲ್ಲ ನನಗೆ ಅನ್ನಿಸುವುದು, ಇದಿಷ್ಟೂ ಒಬ್ಬ ಮನುಷ್ಯನ ನೆನಪಿನಲ್ಲಿತ್ತಲ್ಲ, ಕಾಗದದ ಹಂಗಿಲ್ಲದೆ.

ಪುಸ್ತಕಕ್ಕಿಂತ ಮೊದಲೇ ಕ್ಯಾಸೆಟ್ಟು ಬಂದಿತ್ತು. ಮಳವಳ್ಳಿ ಮಹದೇವಸ್ವಾಮಿಯವರ ತಂಬೂರಿ ಕತೆಗಳು ಚಹಾದಂಗಡಿಗಳಲ್ಲಿ, ಖಾಸಗಿ ಬಸ್ಸುಗಳಲ್ಲಿ ಮೊಳಗಿದವು. ರಾತ್ರಿಯಿಡೀ ಹರಡಿಕೊಳ್ಳುತ್ತಿದ್ದ ಕತೆ ಅರವತ್ತು ನಿಮಿಷದ ಟೇಪಿಗೆ ಹೊಂದಿಕೊಳ್ಳಬೇಕಾಯಿತು, ಅದೂ ನಡುವೆ ಒಂದು ಸಲ ಮಗ್ಗುಲು ಬದಲಿಸಿ. ಆದರೂ ಕತೆ ಕತೆಯಾಗಿಯೇ ಉಳಿದಿತ್ತು. ಕೇಳುವವರು ಅದೇ ಸೀಮೆಯವರು. ಬಿಟ್ಟುಹೋದದ್ದನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಿದ್ದರು.

ನಿಜವಾದ ತಿರುವು 1996ರ ‘ಜನುಮದ ಜೋಡಿ’. ಟಿ.ಎಸ್. ನಾಗಾಭರಣರ ನಿರ್ದೇಶನ, ವಿ. ಮನೋಹರ್ ಅವರ ಸಂಗೀತ. ಚಿತ್ರದ ಕತೆ ಗುಜರಾತಿನದು, ಪನ್ನಾಲಾಲ್ ಪಟೇಲರ ಕಾದಂಬರಿಯಿಂದ ಬಂದದ್ದು. ಅದಕ್ಕೆ ಈ ನೆಲದ ಮೈ ಕೊಟ್ಟದ್ದು ಮಾದಪ್ಪನ ಸೀಮೆಯ ದನಿ. ಎಲ್.ಎನ್. ಶಾಸ್ತ್ರಿ ಹಾಡಿದ ‘ಕೋಲುಮಂಡೆ’ ನಾಡಿಗೆಲ್ಲ ಹಬ್ಬಿತು, ಅವರಿಗೆ ರಾಜ್ಯ ಪ್ರಶಸ್ತಿಯನ್ನೂ ತಂದಿತು. ಬೀದರಿನವರೂ ಮಂಗಳೂರಿನವರೂ ಆ ಪದವನ್ನು ಬಾಯಿಪಾಠ ಮಾಡಿಕೊಂಡರು. ಆ ಹಾಡಿನಲ್ಲಿ ಭಿಕ್ಷೆಗೆ ಹೊರಟ ಜಂಗಮ ಯಾರು, ಯಾರ ಬಾಗಿಲಿಗೆ ಹೊರಟಿದ್ದಾನೆ ಎಂದು ಅವರಲ್ಲಿ ಎಷ್ಟೋ ಮಂದಿಗೆ ತಿಳಿಯದು. ತಿಳಿಯಬೇಕೆಂದೂ ಅನಿಸಲಿಲ್ಲವೇನೊ. ಆ ಲಯವೇ ಸಾಕಾಯಿತು.

ಆಮೇಲೆ 2008ರಲ್ಲಿ ‘ಸೈಕೋ’ ಚಿತ್ರಕ್ಕೆ ರಘು ದೀಕ್ಷಿತ್ ಮಾದೇಶ್ವರನ ಹೆಸರು ಹಿಡಿದು ಒಂದು ಹಾಡು ಮಾಡಿದರು. ಮೈಸೂರಿನಲ್ಲಿ ಬೆಳೆದು, ಗಿಟಾರು ಹಿಡಿದು, ಸಿನಿಮಾ ಸಂಗೀತದಾಚೆಗೆ ಬೇರೊಂದು ಸಂಗೀತ ಬೇಕೆಂದು ಹಾಡಿಕೊಂಡಿದ್ದವರು ಅವರು. ಶಿಶುನಾಳ ಶರೀಫರ ಪದಗಳನ್ನು ಹೊರದೇಶಗಳ ವೇದಿಕೆಗೂ ಒಯ್ದವರು. ಆ ಹಾಡಿನಲ್ಲಿ ಪೂಜೆಗೆ ಬಂದ ಹುಡುಗನ ಕಣ್ಣು ಹುಡುಗಿಯ ಮೇಲಿದೆ, ಮಾದೇಶ್ವರ ಅದಕ್ಕೆ ಸಾಕ್ಷಿ. ಇಲ್ಲಿ ಒಂದು ವಿಚಿತ್ರ ಸಂಧಿಯಿದೆ. ನಗರದ ಹೊಸ ಸಂಗೀತಗಾರ ತನ್ನ ಕಾಲದ ಸಿನಿಮಾ ಹಾಡಿಗಿಂತ ಬೇರೆಯಾಗಲು ಕೈ ಚಾಚಿದ್ದು ಹಳ್ಳಿಯ ಅತ್ಯಂತ ಹಳೆಯ ದನಿಗೆ. ಅವನಿಗೆ ಅದು ಬಂಡಾಯ, ಬಂಡಳ್ಳಿಯವರಿಗೆ ವಾರದ ಪೂಜೆ. ಎರಡು ಬೇರೆ ಬೇರೆ ಬಾಯಾರಿಕೆ ಒಂದೇ ಕೆರೆಗೆ ಬಂದವು.

ಮುಂದೆ ‘ಸೋಜುಗಾದ ಸೂಜುಮಲ್ಲಿಗೆ’ಯ ಕಾಲ. ಮಾದೇವನ ಮುಡಿಗೆ ಹೂವೇರಿಸುವ, ಹೆಂಗಸರು ತಲೆಮಾರುಗಳಿಂದ ಹೇಳಿಕೊಂಡು ಬಂದ ಪದ ಅದು. ಅನನ್ಯಾ ಭಟ್ ಅದನ್ನು ಕೊಯಮತ್ತೂರಿನ ಈಶ ಕೇಂದ್ರದ ಶಿವರಾತ್ರಿ ವೇದಿಕೆಯಲ್ಲಿ ಹಾಡಿದಾಗ ಕನ್ನಡ ಬಾರದ ಜನವೂ ಅಲ್ಲಾಡದೆ ಕೇಳಿತು. ನನಗೆ ಮೈ ಜುಮ್ಮೆಂದದ್ದು ಇನ್ನೊಂದು ಕಾರಣಕ್ಕೆ. ಕೊಳ್ಳೇಗಾಲ ಯಾವ ಜಿಲ್ಲೆಯ ಮರೆತ ಮೂಲೆಯಾಗಿತ್ತೋ, ಆ ಜಿಲ್ಲೆಯ ತಲೆಯೂರಿಗೇ ಆ ಮೂಲೆಯ ಹೆಂಗಸರ ಪದ ಹೋಗಿ ನಿಂತಿತ್ತು. 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ ಅದನ್ನು ಮಂಗಳೂರಿನ ಕತೆಯೊಳಕ್ಕೆ ಕರೆದೊಯ್ದಿತು. ಮಿಧುನ್ ಮುಕುಂದನ್ ಸಂಗೀತ, ಚೈತ್ರಾ ಆಚಾರ್ ಕಂಠ. ಮಲ್ಲಿಗೆಯ ಪದ ರಕ್ತದ ಕತೆಯ ಪಕ್ಕದಲ್ಲಿ ನಿಂತಿತು. ಹಾಳಾಯಿತೆ ಎಂದು ಕೇಳಿದರೆ ಇಲ್ಲವೆನ್ನುತ್ತೇನೆ. ಆ ಪದದಲ್ಲಿ ಅಂಥದ್ದನ್ನೂ ತಡೆದುಕೊಳ್ಳುವ ಕಸುವಿದೆ ಎಂದು ಆ ಚಿತ್ರದಿಂದಲೇ ನನಗೆ ತಿಳಿದದ್ದು.

ಹೊರಗಿನ ಒಂದು ಉದಾಹರಣೆ ಇಲ್ಲಿ ನೆನಪಾಗುತ್ತದೆ. ಅಮೆರಿಕದ ನಿರ್ವಾಣ ಎಂಬ ತಂಡದ ‘ನೆವರ್‌ಮೈಂಡ್’ ಆಲ್ಬಮ್ 1991ರ ಸೆಪ್ಟೆಂಬರಿನಲ್ಲಿ ಬಂತು. ನಾಲ್ಕೇ ತಿಂಗಳಲ್ಲಿ, 1992ರ ಜನವರಿಯಲ್ಲಿ, ಮೈಕಲ್ ಜಾಕ್ಸನ್‌ನ ಆಲ್ಬಮ್ಮನ್ನು ಇಳಿಸಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಮಾರುಕಟ್ಟೆ ಬೇಡವೆಂದು ಹುಟ್ಟಿದ ಸಂಗೀತವೇ ಮಾರುಕಟ್ಟೆಯ ತಲೆಯ ಮೇಲೆ ಕೂತಿತು. ಗ್ರ್ಯಾಮಿಯವರು ಪರ್ಯಾಯ ಸಂಗೀತಕ್ಕೆಂದೇ ಬಹುಮಾನ ಕೊಡಲು ಆರಂಭಿಸಿದ್ದೂ 1991ರಲ್ಲೇ. ಆ ತಂಡದ ಹಾಡುಗಾರ ಕರ್ಟ್ ಕೋಬೇನ್ ಆ ಗೆಲುವಿನೊಳಗೆ ನೆಮ್ಮದಿ ಕಾಣದೆ 1994ರಲ್ಲಿ ತನ್ನ 27ನೆಯ ವಯಸ್ಸಿಗೇ ಜೀವ ಕಳೆದುಕೊಂಡ. ಆ ಸಾವಿಗೆ ಖ್ಯಾತಿಯೊಂದನ್ನೇ ಕಾರಣ ಮಾಡುವುದು ಸರಿಯಲ್ಲ. ಆದರೆ ಒಬ್ಬ ವ್ಯಕ್ತಿಯ ಹಾಡು ಒಮ್ಮೆಲೇ ಲೋಕದ್ದಾದಾಗ ಅದರ ಭಾರವನ್ನೆಲ್ಲ ಆ ಒಬ್ಬನೇ ಹೊರಬೇಕಾಗುತ್ತದೆ ಎಂಬುದು ನಿಜ. ಮಾದಪ್ಪನ ಪದಕ್ಕೆ ಅಂಥ ಒಬ್ಬ ಒಡೆಯನಿಲ್ಲ. ಹೆಸರು ಗೊತ್ತಿಲ್ಲದ ಸಾವಿರ ಬಾಯಿ ಅದನ್ನು ಕಟ್ಟಿದೆ. ಖ್ಯಾತಿ ಬಂದರೆ ಯಾರ ಹೆಗಲಿಗೆ ಬೀಳಬೇಕು? ಯಾರ ಹೆಗಲಿಗೂ ಇಲ್ಲ. ಹಣ ಬಂದರೆ? ಅದೂ ಮೂಲದಲ್ಲಿ ಹಾಡಿದವರ ಮನೆಗೆ ಬಹಳ ಸಲ ಬಂದಿಲ್ಲ. ಇದು ನನ್ನ ಮನಸ್ಸಿನಲ್ಲಿ ಚುಚ್ಚುವ ಮುಳ್ಳು. ನಗರದ ವೇದಿಕೆಗಳಲ್ಲಿ ಕಂಸಾಳೆ ತಂಡಕ್ಕೆ ಸಿಗುವುದು ಹೆಚ್ಚಾಗಿ ಗಣ್ಯರನ್ನು ಕರೆತರುವ ಮೆರವಣಿಗೆಯ ಮುಂದಿನ ಜಾಗ. ಬಿಸಿಲಲ್ಲಿ ಕುಣಿದು, ಗಣ್ಯರು ವೇದಿಕೆ ಹತ್ತಿದ ಮೇಲೆ ತಾಳಗಳನ್ನು ಚೀಲಕ್ಕೆ ತುಂಬಿಕೊಳ್ಳಬೇಕು. ಕತೆಗೆ ಅಲ್ಲಿ ಸಮಯವಿರುವುದಿಲ್ಲ.

2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿ ‘ಕೋಲುಮಂಡೆ’ಯನ್ನು ರ‍್ಯಾಪ್ ಮಾಡಿ ತಂದರು. ವಿಡಿಯೊದಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಒಕ್ಕಲು ನೊಂದುಕೊಂಡಿತು, ದೂರುಗಳಾದವು. ಗಾಯಕ ಕ್ಷಮೆ ಕೇಳಿದರು, ವಿಡಿಯೊ ತೆಗೆದದ್ದೂ ಆಯಿತು. ಹಾಡಿಗೆ ಹೊಸ ಲಯ ಹಾಕಿದ್ದನ್ನು ನಾನು ತಪ್ಪೆನ್ನುವುದಿಲ್ಲ. ರ‍್ಯಾಪ್ ಕೂಡ ಒಂದು ಕಾಲದ ಬಡವರ ಬೀದಿಯಿಂದ ಎದ್ದದ್ದೇ. ನನ್ನ ಬೆರಗು ಬೇರೆ ಕಡೆಯಿದೆ. ಜನ ನೊಂದದ್ದು ಹಾಡಿಗಾಗಿ ಅಲ್ಲ, ಸಂಕಮ್ಮನಿಗಾಗಿ. ಅವಳು ಅವರಿಗೆ ಮನೆಮಗಳು. ಗಂಡ ನೀಲೇಗೌಡ ಜೇನು ಕೀಳಲು ಕಾಡಿಗೆ ಹೊರಡುವಾಗ, ಪರಪುರುಷನನ್ನು ನೋಡುವುದಿಲ್ಲವೆಂದು ಆಣೆ ಇಡು ಎಂದು ಅವಳನ್ನು ಪೀಡಿಸುತ್ತಾನೆ. ಅವಳು ಇಡುವುದಿಲ್ಲ. ಆಣೆಯ ಅಗತ್ಯವಿಲ್ಲದ ಹೆಣ್ಣು ಏಕೆ ಆಣೆ ಇಡಬೇಕು? ಆ ನಿರಾಕರಣೆಗೆ ಅವಳು ಅನುಭವಿಸುವ ಹಿಂಸೆಯನ್ನು ಕಂಸಾಳೆಯವರು ಹಾಡುವಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆ ಬಾಗಿಲಿಗೇ ಮಾದಪ್ಪ ಜಂಗಮನಾಗಿ ಬರುವುದು. ಮಕ್ಕಳಿಲ್ಲದವಳಿಗೆ ಕಾರಯ್ಯ, ಬಿಲ್ಲಯ್ಯರನ್ನು ಕರುಣಿಸುವುದು. ಸಿನಿಮಾ ಹಾಡಿನ ನಾಲ್ಕಾರು ನಿಮಿಷಗಳಲ್ಲಿ ಜಂಗಮ ಮಾತ್ರ ಉಳಿದ. ಬಾಗಿಲೊಳಗಿನ ಸಂಕಮ್ಮ, ಅವಳ ಗಟ್ಟಿ ಮೌನ, ಊರ ರಾತ್ರಿಯಲ್ಲಿಯೇ ಉಳಿಯಿತು. ಈ ಕತೆಯಲ್ಲಿ ಲೋಕಕ್ಕೆ ಎದುರಾಗಿ ನಿಂತ ಸಂಗತಿ ಯಾವುದೆಂದು ಕೇಳಿದರೆ ತಾಳವನ್ನೂ ಲಯವನ್ನೂ ತೋರಿಸಲಾರೆ, ಆ ಹೆಣ್ಣಿನ ‘ಇಲ್ಲ’ವನ್ನು ತೋರಿಸುತ್ತೇನೆ. ಜನಪ್ರಿಯ ಹಾಡಿಗೆ ಅದನ್ನು ಎತ್ತಿಕೊಳ್ಳಲು ಆಗಿಲ್ಲ.

ಅಂಚಿನದು ಮುಖ್ಯವಾಹಿನಿಗೆ ಬಂದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾವು ಹೊಸದಾಗಿ ಕೇಳುತ್ತಿದ್ದೇವೆ ಎಂದುಕೊಂಡಿದ್ದೆ. ಇಲ್ಲ, ಈ ಸೀಮೆಯ ಹಾಡುಗಾರರು ನಮಗಿಂತ ಎಷ್ಟೋ ಮೊದಲೇ ಕೇಳಿದ್ದಾರೆ. ಮಾದಪ್ಪನ ಸೀಮೆಯೇ ಮಂಟೇಸ್ವಾಮಿಯ ಸೀಮೆಯೂ ಹೌದು. ಅವನ ಶಿಷ್ಯ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಇಲ್ಲೇ ಇದೆ. ಮಂಟೇಸ್ವಾಮಿಯ ಲಾಂಛನವಾದ ಕಂಡಾಯದ ಮುಂದೆ ಅವನ ಪದ ಹೇಳುವ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಹಾಡುವ ಕಲ್ಯಾಣದ ಸಾಲನ್ನು ಕೇಳಿ. ಬಸವಣ್ಣನವರ ಕಲ್ಯಾಣ 12ನೆಯ ಶತಮಾನದಲ್ಲಿ ಲೋಕಕ್ಕೆ ಎದುರಾಗಿ ನಿಂತ ಊರು. ಗುಡಿಯಾಚೆಯ ದೇವರು, ಸಂಸ್ಕೃತದಾಚೆಯ ಮಾತು, ಜಾತಿಯಾಚೆಯ ಊಟ. ಆದರೆ ನೀಲಗಾರರ ಕಾವ್ಯದಲ್ಲಿ ಮಂಟೇಸ್ವಾಮಿ ಅಲ್ಲಿಗೆ ಬರುವ ಹೊತ್ತಿಗೆ ಕಲ್ಯಾಣ ತಾನೇ ಅರಮನೆಯಾಗಿದೆ. ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ದಿನವೂ ದಾಸೋಹದಲ್ಲಿ ಉಣ್ಣುತ್ತಿದ್ದಾರೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಗಿಲಲ್ಲಿ ಕಾವಲು. ಅಲ್ಲಿಗೆ ಪರಂಜ್ಯೋತಿ ಮಂಟೇಸ್ವಾಮಿ ಕೊಳೆತ ಮೈಯ, ನಾರುವ, ಹೆಂಡದ ಗಡಿಗೆ ಹೊತ್ತ ತಿರುಕನ ವೇಷದಲ್ಲಿ ಬರುತ್ತಾನೆ. ಕಾವಲಿನವರು ಒಳಗೆ ಬಿಡುವುದಿಲ್ಲ. ಶರಣರೆನಿಸಿಕೊಂಡವರು ಮೂಗು ಮುಚ್ಚಿಕೊಂಡು ಓಡುತ್ತಾರೆ. ಕೊನೆಗೆ ಅವನನ್ನು ಗುರುತಿಸಿ ಕೈಹಿಡಿದು ಕರೆದುಕೊಳ್ಳುವವರು ಬಸವಣ್ಣ ಮತ್ತು ನೀಲಮ್ಮ.

ಈ ಸಾಲನ್ನು ಕಟ್ಟಿದ ಮನಸ್ಸುಗಳ ಮುಂದೆ ನನಗೆ ಮಾತು ಹೊರಡುವುದಿಲ್ಲ. ಓದು ಬರಹ ಸಿಗದಂತೆ ಮಾಡಿದ ಕೇರಿಗಳಲ್ಲಿ ಕೂತು ಅವರು ಕನ್ನಡ ನಾಡಿನ ಅತಿ ದೊಡ್ಡ ಬಂಡಾಯವನ್ನೇ ಒರೆಗೆ ಹಚ್ಚಿದ್ದಾರೆ, ಮತ್ತು ಬಸವಣ್ಣನವರನ್ನು ಸೋಲಿಸದೆ ಹಚ್ಚಿದ್ದಾರೆ. ಬಸವಣ್ಣ ಅವರ ಕಾವ್ಯದಲ್ಲಿ ಗೆಲ್ಲುತ್ತಾರೆ, ಏಕೆಂದರೆ ಬಾಗಿಲಲ್ಲಿ ನಿಂತವನನ್ನು ಗುರುತಿಸುತ್ತಾರೆ. ಸೋಲುವುದು ಆ ಒಂದು ಲಕ್ಷ ತೊಂಬತ್ತಾರು ಸಾವಿರ. ವಚನಗಳು ಮುಂದೆ ಸಂಗೀತಕ್ಕೂ ಬಂದವಲ್ಲ, ಮಲ್ಲಿಕಾರ್ಜುನ ಮನಸೂರರು ಅವುಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದರು. ಆ ಗಾಯನ ಕೇಳುವಾಗ ನನಗೆ ಎಂದೂ ಕೊರತೆ ಎನಿಸಿಲ್ಲ. ಆ ದನಿಯಲ್ಲಿ ಹುಡುಕಾಟ ಇತ್ತು. ಅದೇ ವಚನವನ್ನು ಸಮಾರಂಭದ ಆರಂಭಕ್ಕೆ ಪ್ರಾರ್ಥನೆಯೆಂದು ಬೇಗಬೇಗ ಮುಗಿಸಿ ಕೂರುವಾಗ ಮಾತ್ರ ಕಲ್ಯಾಣದ ಕಾವಲಿನವರು ನೆನಪಾಗುತ್ತಾರೆ. ಎಷ್ಟು ಜನ ಕೇಳಿದರು, ಯಾವ ವೇದಿಕೆ, ಯಾವ ವಾದ್ಯ ಎಂಬುದು ಮಂಟೇಸ್ವಾಮಿಗೆ ಲೆಕ್ಕಕ್ಕೆ ಬರುವುದಿಲ್ಲ. ಅವನು ಬಾಗಿಲಿಗೆ ಬಂದು ನಿಂತಾಗ ಒಳಗಿದ್ದವರು ಏನು ಮಾಡಿದರು ಎಂಬುದೊಂದೇ ಅವನ ಪರೀಕ್ಷೆ. 1990ರ ಸುಮಾರಿಗೆ ಎಚ್.ಎಸ್. ಶಿವಪ್ರಕಾಶರ ನಾಟಕ ‘ಮಂಟೇಸ್ವಾಮಿ ಕಥಾಪ್ರಸಂಗ’ ರಂಗಕ್ಕೆ ಬಂದಾಗ ನಗರದ ಪ್ರೇಕ್ಷಕರಿಗೆ ಆ ಪರೀಕ್ಷೆ ತಾಗಿತು, ಹಳ್ಳಿಯ ಪದ ದೊಡ್ಡ ರಂಗಮಂದಿರಕ್ಕೆ ಬಂದೂ ಹಲ್ಲು ಕಳೆದುಕೊಳ್ಳದೆ ಇರಬಲ್ಲದು ಎಂಬುದಕ್ಕೆ ನನಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಮಾದಪ್ಪನ ಬೆಟ್ಟದ ದಾರಿ. ಹನೂರು ದಾಟಿ, ಕೌದಳ್ಳಿ ದಾಟಿ, ತಾಳಬೆಟ್ಟದಿಂದ ಮೇಲೆ ಹೋಗುವ ಪರಸೆಯಲ್ಲಿ ಈಗ ಟ್ರ್ಯಾಕ್ಟರಿನ ಮೇಲೆ ಸ್ಪೀಕರು ಕಟ್ಟಿರುತ್ತಾರೆ. ಅದರಲ್ಲಿ ಸಿನಿಮಾದ ಮಾದೇಶ್ವರ. ಇದೇ ಸೀಮೆಯಿಂದ ಹೊರಟ ಪದ ಸಿನಿಮಾದವರ ಗಾಂಧಿನಗರಕ್ಕೆ ಹೋಗಿ, ಬಣ್ಣ ಹಚ್ಚಿಕೊಂಡು, ತನ್ನೂರಿಗೆ ಮರಳಿ ಬಂದಿದೆ. ಹಳಬರಿಗೆ ಇದು ಬೇಸರ. ನನಗೂ ಮೊದಲು ಕಿವಿ ನೋಯುತ್ತದೆ. ಆದರೆ ಆ ಸ್ಪೀಕರಿನ ಹಿಂದೆ ನಡೆಯುವ ಹುಡುಗರ ಅಂಗಾಲುಗಳನ್ನು ನೋಡಿದ್ದೇನೆ, ಬೊಬ್ಬೆ ಬಂದು ಒಡೆದಿರುತ್ತವೆ. ಹಾಡು ಎಲ್ಲಿಂದ ಬಂದರೂ ನಡಿಗೆ ಅವರದೇ. ಪಕ್ಕದಲ್ಲಿ ಯಾರೋ ಮುದುಕಿ ಸ್ಪೀಕರಿನ ಹಾಡಿನ ಮೇಲೆಯೇ ತನ್ನ ಸೊಲ್ಲು ಎತ್ತುತ್ತಾಳೆ, ಸಿನಿಮಾದವರು ಬಿಟ್ಟ ಕಡೆಯಿಂದ. ಆ ಹುಡುಗರು ‘ಉಘೇ’ ಎಂದು ಅವಳಿಗೂ ದನಿಗೂಡಿಸುತ್ತಾರೆ. ಒಂದನ್ನು ಕೊಂದು ಇನ್ನೊಂದು ಬಾಳುತ್ತದೆ ಎಂಬ ಲೆಕ್ಕ ಅಲ್ಲಿ ನನಗೆ ಹೊಂದಲಿಲ್ಲ.

ಮಾದಪ್ಪನ ಕಾವ್ಯದ ದೊಡ್ಡ ರಕ್ಷೆ ಅದರ ಉದ್ದ ಎಂದು ಈಚೆಗೆ ನನಗೆ ತೋರುತ್ತಿದೆ. ಮಾರುಕಟ್ಟೆಗೆ ನಾಲ್ಕು ನಿಮಿಷ ಬೇಕು, ಅಷ್ಟನ್ನು ಅದು ಮುರಿದುಕೊಂಡು ಹೋಗುತ್ತದೆ. ಉಳಿದ ರಾತ್ರಿಗಳನ್ನು ಹೊತ್ತೊಯ್ಯಲು ಯಾರ ಕೈಯಲ್ಲೂ ಆಗುವುದಿಲ್ಲ. ನನ್ನ ಆತಂಕ ಸಿನಿಮಾದ ಬಗ್ಗೆ ಇಲ್ಲ. ಶಾಲೆ ಕಾಲೇಜುಗಳಲ್ಲಿ ಬೀಸು ಕಂಸಾಳೆ ಕಲಿಯುವ ಮಕ್ಕಳಿಗೆ ಕುಣಿತ ಬರುತ್ತಿದೆ, ಒಬ್ಬರ ಮೇಲೊಬ್ಬರು ಹತ್ತಿ ನಿಲ್ಲುವುದೂ ಬರುತ್ತಿದೆ, ಸ್ಪರ್ಧೆಗೆ ಬೇಕಾದ ಕೆಲವು ನಿಮಿಷ ಚೆನ್ನಾಗಿ ತುಂಬುತ್ತದೆ. ಸಾಲು ಕಲಿಯುವವರು ಕಡಿಮೆ. ಶ್ರವಣದೊರೆಯ ಕತೆಯನ್ನು ಆರಂಭದಿಂದ ಕೊನೆಯವರೆಗೆ ಬಲ್ಲ ಹಾಡುಗಾರರು ಮುಪ್ಪಾಗುತ್ತಿದ್ದಾರೆ. ಕತೆ ಮಾಡಿಸುವ ಹರಕೆಯ ಮನೆಗಳೂ ಮೊದಲಿನಷ್ಟಿಲ್ಲ. ಹರಕೆ ಕಟ್ಟಿಕೊಳ್ಳುವವರು ಈಗ ಬೆಟ್ಟಕ್ಕೆ ಹೋಗಿ ಚಿನ್ನದ ತೇರಿನ ಸೇವೆ ಮಾಡಿಸಿ ಬರುತ್ತಾರೆ. ಅದಕ್ಕೂ ತಪ್ಪು ಹೇಳಲಾರೆ. ಆದರೆ ಒಂದು ಮಾತು ಹೇಳಬೇಕು: ಸರ್ಕಾರದ ಇಲಾಖೆಗಳು, ಅಕಾಡೆಮಿಗಳು, ರಾಮನಗರದ ಜಾನಪದ ಲೋಕದಂಥ ಸಂಸ್ಥೆಗಳು ಮೆರವಣಿಗೆಗೆ ಕರೆಯುವ ಬದಲು ಒಂದು ಇಡೀ ರಾತ್ರಿಗೆ ಕರೆದು, ಒಂದು ಇಡೀ ಸಾಲು ಹಾಡಿಸಿ, ರಾತ್ರಿಯ ಕೂಲಿ ಕೊಟ್ಟರೆ, ಹಾಡುಗಾರರಿಗೆ ಕಲಿಸಲು ಕಾರಣವೂ ಹುಡುಗರಿಗೆ ಕಲಿಯಲು ಕಾರಣವೂ ಹುಟ್ಟುತ್ತದೆ.

ಒಮ್ಮೆ ಕತೆಯ ನಡುವೆ ಒಬ್ಬ ಹುಡುಗ ಸಿನಿಮಾದ ಹಾಡೇ ಬೇಕೆಂದು ಕೇಳಿದ. ಮುಂದಾಳು ಅವನನ್ನು ಗದರಲಿಲ್ಲ. ಆ ಹಾಡನ್ನೇ, ಸಿನಿಮಾದ ಧಾಟಿಯಲ್ಲೇ ಎತ್ತಿಕೊಂಡ. ಜಂಗಮ ಬಾಗಿಲಿಗೆ ಬರುವಲ್ಲಿಗೆ ಹಾಡು ನಿಂತಿತು, ಜನ ಚಪ್ಪಾಳೆ ತಟ್ಟಿತು. ಆಗ ಅವನು ಆ ಹುಡುಗನ ಕಡೆಗೇ ತಿರುಗಿ, ‘ಬಂದವ್ನೆ ಕಣಪ್ಪ, ಒಳಗೆ ಯಾರವ್ರೆ ಅಂತ ಕೇಳೀಯಾ?’ ಎಂದ. ಹುಡುಗ ತಲೆಯಾಡಿಸಿದ. ಹಿಮ್ಮೇಳದವರು ತಾಳ ಬದಲಿಸಿದರು, ಸಂಕಮ್ಮನ ಸಾಲು ಶುರುವಾಯಿತು.